ದಾನವಾಗಿ ಬಂದ ಹೃದಯವನ್ನು ದುಡಿಸಬಹುದೋ?

ಮರಣಹೊಂದಿದವನೊಬ್ಬನ ಹೃದಯವನ್ನು ಪಡೆದು ಬದುಕಿದವನು ಅದನ್ನು ಅಲುಗಿಸದೆ ಕಾಪಾಡತಕ್ಕದ್ದೋ, ಇಲ್ಲವೆ ನಡೆದು ಶ್ರಮಪಟ್ಟು ದುಡಿಸತಕ್ಕದ್ದೋ? ಇದು ವೈದ್ಯರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ನಾವು ಎಣಿಸುವದಿಲ್ಲ. ಎದೆಯ ಗಾಯವು ಪೂರಾ ಮಾಯುವ ಮೊದಲೇ ರೋಗಿಯನ್ನು ಎಬ್ಬಿಸಿ ನಡೆಸುವದನ್ನು ಕಂಡ ಬಂಧುಗಳು, ಇದು ಕರುಣೆಯೋ ಕ್ರೌರ್ಯವೋ ಎಂದು ಕೇಳುವದು ಸಹಜವೇ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಈ ಸಂದೇಹವು ಹೆಚ್ಚಾಗಿ ಹುಟ್ಟುವದು. ಬಲಿತ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟರೆ, ಅದು ಒಳಗೇ ಒಣಗಿ ಉಂಡೆಕೊಬ್ಬರಿಯಾಗುವದನ್ನು ಬಾಲ್ಯದಿಂದ ಕಂಡವರು ನಾವು. ಮನುಷ್ಯನ ಮಾಂಸಖಂಡವಾದರೋ ಸುಮ್ಮನೆ ಇಟ್ಟರೆ ಕರಗುವದು. ದೀರ್ಘರೋಗದಿಂದ ಸೊರಗಿದ ಕಾಲುಗಳನ್ನೂ ಎಲುಬುಗಳನ್ನೂ, ದೇಹವು ಹೊಸ ಹೃದಯವನ್ನು ತಳ್ಳಿಬಿಡದಂತೆ ಕೊಡುವ ಸ್ಟೆರಾಯ್ಡ್ ಔಷಧಗಳು ಮತ್ತಷ್ಟು ಬಲಹೀನಮಾಡುವವು.

1967ರ ಡಿಸೆಂಬರ್ 3ರಂದು ಕೇಪ್‌ಟೌನಿನಲ್ಲಿ ಡಾ. ಬರ್ನಾರ್ಡರಿಂದ ಹೊಸ ಹೃದಯವನ್ನು ಪಡೆದ ರೋಗಿಯು 18 ದಿನ ಮಾತ್ರ ಬದುಕಿದನು. 1994ರ ಆಗಸ್ಟ್ 3ರಂದು ದೆಹಲಿಯಲ್ಲಿ ಡಾ. ವೇಣುಗೋಪಾಲರು ನಮ್ಮ ದೇಶದಲ್ಲಿ ಇದನ್ನು ಮೊದಲು ಸಾಧಿಸಿದರು. ಈಗ ಬೆಂಗಳೂರಿನಲ್ಲಿಯೂ ನಡೆಯುತ್ತಿದೆ. ಲಾಸ್ ಏಂಜಲಿಸಿನ ವೈದ್ಯರು 1999ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಇಂಥ 27 ಮಂದಿಯನ್ನು ಶಸ್ತ್ರಚಿಕಿತ್ಸೆಯಾದ ಎರಡು ವಾರಗಳೊಳಗೆ ಎರಡು ಪಂಗಡ ಮಾಡಿದರು. ಆರು ತಿಂಗಳು ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿದವರಿಗೆ, ಶ್ರಮದ ವೇಳೆಯಲ್ಲಿ ಪ್ರಾಣವಾಯುವನ್ನು ಬಳಸುವ ಶಕ್ತಿಯು ನೂರಕ್ಕೆ 49ರಷ್ಟು ಹೆಚ್ಚಿತು. ಮನೆಯಲ್ಲಿ ತಮ್ಮಷ್ಟಕ್ಕೆ ಇದ್ದವರಿಗೆ 18ರಷ್ಟು. ಪಂಗಡವು ಚಿಕ್ಕದು, ನಿಜ. ಆದರೂ ಅಂತರವು ಚಿಕ್ಕದಲ್ಲ.

ಅನ್ಯರ ಸೊತ್ತನ್ನು ಸವೆಸಬಾರದೆಂದು ಕೆಲವರು ಹೇಳಾರು. 2021ರ ಜೂನಿನಲ್ಲಿ ಕಡೂರು ಸೀಮೆಯ ನಟ ಸಂಚಾರಿ ವಿಜಯರು ಅಪಘಾತದಿಂದ ತೀರಿಕೊಂಡಾಗ ಮನೆಯವರು ಅವರ ಅಂಗಗಳನ್ನು ದಾನಮಾಡಿದರು. ದುಃಖದ ನಡುವೆ ಹೀಗೆ ಕೊಡುವವರು, ಪಡೆದವನು ಹಾಸಿಗೆಯ ಮೇಲೆಯೇ ಬಿದ್ದಿರಲೆಂದು ಕೊಡುವರೇ? ಪೇತ್ರನ ಅತ್ತೆಯು ಜ್ವರ ಬಿಟ್ಟಕೂಡಲೆ ಎದ್ದು ಉಪಚಾರಮಾಡಿದಳೆಂದು ಸುವಾರ್ತೆಯಲ್ಲಿ ಓದುತ್ತೇವೆ. ಆಕೆಯನ್ನು ಯಾರೂ ತಡೆದಂತೆ ಕಾಣುವದಿಲ್ಲ. (ನಮ್ಮ ಮನೆಗಳಲ್ಲಾದರೆ ಹತ್ತು ಮಂದಿ ತಡೆಯುತ್ತಿದ್ದರು!) ರೋಗಿಗೆ ಕೈತುತ್ತು ಕೊಟ್ಟು ಕೂಡ್ರಿಸುವದು ಪ್ರೀತಿಯೇ, ಆದರೆ ಅವನ ಕಾಲುಗಳನ್ನು ಅವನಿಂದ ಕಿತ್ತುಕೊಳ್ಳುವ ಪ್ರೀತಿಯನ್ನು ನಾವು ಮೆಚ್ಚಲಾರೆವು.

ಹಾಗೆಂದು ಗದರಿಸಿ ನಡೆಸುವದೂ ತಪ್ಪು. ಹೊಸ ಹೃದಯಕ್ಕೆ ಬರುವ ನರಗಳು ಕತ್ತರಿಸಲ್ಪಟ್ಟಿರುವದರಿಂದ ಅದು ವಿಶ್ರಾಂತಿಯಲ್ಲಿಯೂ ವೇಗವಾಗಿ ಬಡಿಯುವದು. ನಡೆಯತೊಡಗಿದರೆ ನಿಧಾನವಾಗಿ ವೇಗವೇರುವದು, ನಿಂತ ಮೇಲೆ ನಿಧಾನವಾಗಿ ಇಳಿಯುವದು. ಆದಕಾರಣ ನಾಡಿ ಹಿಡಿದು ಶ್ರಮವನ್ನು ಅಳೆಯಲಾಗದು. ನಡೆಯುತ್ತಾ ಮಾತನಾಡಲು ಉಸಿರು ಸಾಲುವದೋ ಎಂದು ನೋಡಬೇಕು. ಮೆಲ್ಲನೆ ಆರಂಭಿಸಿ ಮೆಲ್ಲನೆ ನಿಲ್ಲಿಸಬೇಕು. ಎದೆಯೆಲುಬು ಕೂಡುವ ತನಕ ಕೊಬ್ಬರಿಮೂಟೆ ಎತ್ತಕೂಡದು. ಜ್ವರವಾಗಲಿ ಹೊಸದಾಗಿ ಏದುಸಿರಾಗಲಿ ಕಂಡರೆ ವ್ಯಾಯಾಮವನ್ನು ಬಿಟ್ಟು ಆ ದಿನವೇ ವೈದ್ಯರಿಗೆ ತಿಳಿಸತಕ್ಕದ್ದು.

ಸಭೆಯ ಹಿರಿಯರು ಇಂಥವನ ಮನೆಗೆ ಹೋದಾಗ ಮಂಚದ ಬಳಿ ಕುಳಿತು ನಿಟ್ಟುಸಿರಿಡುವದಕ್ಕಿಂತ, ವೈದ್ಯರು ಒಪ್ಪಿದಷ್ಟು ದೂರ ಅವನ ಸಂಗಡ ನಡೆಯಲಿ. ಈ ದಿನ ನಾಲ್ಕು ತೆಂಗಿನಮರ, ಬರುವ ವಾರ ಆರು. ಔಷಧಗಳು ಅವನ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿರುವದರಿಂದ, ಕಾಯಿ ಸುಲಿಯುವ ಧೂಳಿನ ಕಡೆಗೆ ಅವನನ್ನು ಕರೆದುಕೊಂಡು ಹೋಗಬಾರದು. ನೆಗಡಿಯಾದವರು ಆ ವಾರ ಮನೆಯಲ್ಲಿಯೇ ಅವನಿಗೋಸ್ಕರ ಪ್ರಾರ್ಥಿಸಲಿ.