ಬಾಜೂಕ ಸರಿ

ಬೀದರದ ಚೌಬಾರದ ಹತ್ತಿರ ನಾವು ನಿಂತಿದ್ದೇವೆ. ಈ ಹಳೇ ಊರಿನ ಗಲ್ಲಿಗಳು ಕುದುರೆ, ಎತ್ತಿನ ಗಾಡಿಗಳ ಕಾಲದವು. ಅಲ್ಲಿಗೆ ಈಗ ಒಂದು ಫಾರ್ಚ್ಯೂನರ್ ನುಗ್ಗಿದೆ. ತರಕಾರಿ ಬುಟ್ಟಿ ಹೊತ್ತ ಅವ್ವ ಗಟಾರದ ಅಂಚಿಗೆ ಸರಿದು ನಿಂತಾಳ. ಯಾರೂ ಆಕೆಗೆ 'ಬಾಜೂಕ ಸರಿ' ಅನ್ನಲಿಲ್ಲ. ಗಾಡಿಯ ಗಾತ್ರವೇ ಅಂದುಬಿಟ್ಟಿತು.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಉದ್ದ ಸುಮಾರು 3.3 ಮೀಟರು, ಅಗಲ ಸುಮಾರು 1.4, ತೂಕ ಸುಮಾರು 650 ಕಿಲೋ. ಅದಕ್ಕೂ ಮೊದಲಿನ ಅಂಬಾಸಡರ್ ದೊಡ್ಡದೇ, 4.3 ಮೀಟರು, ಆದರೆ ಅದು ಸಾಹೇಬರದು, ಅಪರೂಪದ್ದು. ಇಂದಿನ ಫಾರ್ಚ್ಯೂನರ್ 4.8 ಮೀಟರು ಉದ್ದ, 1.85 ಅಗಲ, ಸುಮಾರು ಎರಡು ಟನ್ ತೂಕ. 2006ರಲ್ಲಿ ಸರ್ಕಾರ 4 ಮೀಟರಿನೊಳಗಿನ ಸಣ್ಣ ಕಾರಿಗೆ ತೆರಿಗೆ ಇಳಿಸಿತು. ಕಂಪನಿಗಳು ಉದ್ದವನ್ನು ಅಷ್ಟಕ್ಕೇ ನಿಲ್ಲಿಸಿ ಎತ್ತರ ಬೆಳೆಸಿದವು. ಒಳಗೆ ಕೂತವರು ಮಾತ್ರ ಎಷ್ಟೋ ಸಲ ಒಬ್ಬರೇ. ಅದೇ ಭಾಲ್ಕಿ ರಸ್ತೆಯಲ್ಲಿ, ಕಳೆ ತೆಗೆಯಲು ಹೋಗುವ ನಮ್ಮ ಅಕ್ಕತಂಗಿಯರು ಒಂದು ಟಂಟಂನಾಗ ಹತ್ತು ಮಂದಿ.

ದೊಡ್ಡ ಗಾಡಿ ಸುರಕ್ಷಿತ ಅಂತಾರ. ಯಾರಿಗೆ? ಡಿಕ್ಕಿಯಾದರೆ ಹಗುರಾದದ್ದೇ ನುಜ್ಜುಗುಜ್ಜು. ತಗ್ಗಿನ ಕಾರು ನಡೆಯುವವನ ಕಾಲಿಗೆ ಬಡಿದರೆ, ಎತ್ತರದ ಬಾನೆಟ್ಟು ಎದೆಗೇ ಬಡಿಯುತ್ತದೆ. ಮುಂದೆ ನಿಂತ ಕೂಸು ಡ್ರೈವರನ ಕಣ್ಣಿಗೇ ಬೀಳದು. ಒಳಗಿನವರ ಧೈರ್ಯಕ್ಕೆ ಹೊರಗಿನವರ ಮೈ ಒತ್ತೆ. ಇದು ನ್ಯಾಯವೇನು?

ನಮಗೆ ವಾಹನ ಎಂದೂ ಬರೀ ಕಬ್ಬಿಣವಲ್ಲ. 1929ರಲ್ಲಿ ಚಾಳೀಸಗಾಂವದ ಟಾಂಗಾವಾಲಾಗಳು ಬಾಬಾಸಾಹೇಬರನ್ನು ಕೂರಿಸಿಕೊಂಡು ಓಡಿಸಲು ಒಪ್ಪಲಿಲ್ಲ. ಟಾಂಗಾ ಬಾಡಿಗೆಗೆ ಸಿಕ್ಕಿತು, ಓಡಿಸುವವ ಸಿಗಲಿಲ್ಲ. ಓಡಿಸಿ ಗೊತ್ತಿಲ್ಲದ ನಮ್ಮವನೇ ಲಗಾಮು ಹಿಡಿದ. ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು. ಆದ್ದರಿಂದ ಔರಾದಿನ ನಮ್ಮ ಕೇರಿಯ ಹುಡುಗನೊಬ್ಬ ನೀಲಿ ಬಾವುಟ ಕಟ್ಟಿದ ಸ್ಕಾರ್ಪಿಯೋ ತಂದರೆ ನಮ್ಮೆದೆಯೂ ಉಬ್ಬುತ್ತದೆ. ಉಬ್ಬಲಿ. ಅವನು ಏರಿದ್ದು ತಪ್ಪಲ್ಲ.

ಆದರೆ ಅವನೂ ಗಲ್ಲಿಯಲ್ಲಿ ಹಾರ್ನ್ ಒತ್ತಿಹಿಡಿದ ದಿನ? ಸಾಹುಕಾರನ ಕುದುರೆ ಬಂದಾಗ ನಮ್ಮ ಮುತ್ಯಾ ಬಾಜೂಕ ಸರಿದ. ಈಗ ಸರಿದವಳು ಆ ಮುತ್ಯಾನ ಮೊಮ್ಮಗಳು. ಕುದುರೆ ಮೇಲೆ ಕೂತವನು ಬದಲಾದ, ಗಟಾರದ ಅಂಚಿನವಳು ಬದಲಾಗಲಿಲ್ಲ. ಸಾಹುಕಾರನ ಅಳತೆಗೋಲಿನಿಂದಲೇ ನಮ್ಮ ಮಾನವನ್ನೂ ಅಳೆದುಕೊಂಡರೆ, ಗೆದ್ದವನು ಯಾರು?

ಡಿಗ್ರಿ ಪಡೆದ ನಾವೂ ಆ ಸೀಟಿನ ಕನಸು ಕಂಡವರೇ. ಅದಕ್ಕೇ ಇದು ನಮಗೆ ನಾವೇ ಕೇಳಿಕೊಳ್ಳುವ ಮಾತು. ಅವ್ವ ಎದುರು ಬಂದಾಗ ಹಾರ್ನ್ ಬಿಟ್ಟು ಬ್ರೇಕ್ ಒತ್ತೋಣ. ರಸ್ತೆ ಮೊದಲು ಆಕೆ ದಾಟಲಿ.