ಎರಡು ಹಳೆಯ ಜೀಪುಗಳ ನಡುವೆ



ಆಯ್ಕೆ ಎಂದೊಡನೆ ಒಳಿತು ಕೆಡುಕುಗಳ ನಡುವಣ ಆಯ್ಕೆಯೇ ನಮ್ಮ ನೆನಪಿಗೆ ಬರುತ್ತದೆ. ಆದರೆ ಬದುಕಿನ ಬಹುಪಾಲು ಆಯ್ಕೆಗಳು ಅಷ್ಟು ಸರಳವಾಗಿರುವುದಿಲ್ಲ. ಎದುರಿಗಿರುವ ಎರಡರಲ್ಲೂ ಅಷ್ಟಿಷ್ಟು ಗುಣವಿರುತ್ತದೆ, ಅಷ್ಟಿಷ್ಟು ಕುಂದೂ ಇರುತ್ತದೆ. ಅಂತಹ ಸಂದರ್ಭದಲ್ಲಿ ಸರಿಯಾಗಿ ಆರಿಸುವುದೆಂದರೇನು? ಈ ಪ್ರಶ್ನೆಯನ್ನು ನಮ್ಮ ಮಲೆನಾಡಿನ ಮನೆಗಳಿಗೆ ಚಿರಪರಿಚಿತವಾದ ಒಂದು ವ್ಯವಹಾರದ ಮೂಲಕ ನೋಡೋಣ: ಎರಡು ಹಳೆಯ ಜೀಪುಗಳಲ್ಲಿ ಒಂದನ್ನು ಕೊಳ್ಳುವುದು.

ಅಮೆರಿಕದಲ್ಲಿ ಯುದ್ಧಕ್ಕಾಗಿ ರೂಪುಗೊಂಡ ವಿಲ್ಲಿಸ್ ಜೀಪನ್ನು ಮಹೀಂದ್ರ ಸಂಸ್ಥೆಯು ಭಾರತದಲ್ಲಿ ಜೋಡಿಸತೊಡಗಿತು. ಅದೇ ವಂಶದ ವಾಹನಗಳು ಮೂಡಿಗೆರೆ, ಬಾಳೂರು, ಕಳಸ, ಸಂಸೆಗಳ ತೋಟದ ಏರುಹಾದಿಗಳಲ್ಲಿ ಇಂದಿಗೂ ಓಡುತ್ತಿವೆ. ಕಾಫಿಯ 50 ಕಿಲೋ ಚೀಲಗಳು, ಗೊಬ್ಬರ, ಗ್ಯಾಸ್ ಸಿಲಿಂಡರ್, ಶಾಲೆಯ ಮಕ್ಕಳು, ರಾತ್ರಿಯ ಹೊತ್ತು ಆಸ್ಪತ್ರೆಗೆ ಹೊರಟ ತಾಯಿ, ಎಲ್ಲರನ್ನೂ ಎಲ್ಲವನ್ನೂ ಅದೇ ಹೊರುತ್ತದೆ. ಆದ್ದರಿಂದ ಇಲ್ಲಿ ಜೀಪು ವಿಲಾಸದ ವಸ್ತುವಲ್ಲ, ಮನೆಯ ಒಬ್ಬ ದುಡಿಮೆಗಾರನಿದ್ದಂತೆ.

ನಾಲ್ಕೈದು ಎಕರೆ ತೋಟವಿರುವ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ನವೆಂಬರ್ ತಿಂಗಳು, ಅರೇಬಿಕಾ ಹಣ್ಣಾಗಿ ಕೊಯ್ಲು ಹೊಸ್ತಿಲಲ್ಲಿದೆ. ಕೂಡಿಟ್ಟ ಹಣ ಒಂದು ಹಳೆಯ ಜೀಪಿಗಷ್ಟೇ ಸಾಕು. ಬೆಲೆಯಲ್ಲಿ ಸರಿಸಮವಾದ ಎರಡು ಜೀಪುಗಳು ಸಿಕ್ಕಿವೆ. ಮೊದಲನೆಯದಕ್ಕೆ ಹೊಸ ಬಣ್ಣ, ಹೊಸ ಸೀಟು. ಕೀಲಿ ತಿರುಗಿಸಿದೊಡನೆ ಎಂಜಿನ್ ಚಾಲೂ ಆಗುತ್ತದೆ. ಆದರೆ ಕೆಳಗೆ ಬಗ್ಗಿ ನೋಡಿದರೆ ಚಾಸಿಯ ಮೇಲೆ ಎರಡು ಕಡೆ ಬೆಸುಗೆಯ ಗುರುತು. ಎರಡನೆಯದರ ಬಣ್ಣ ಮಾಸಿದೆ, ಹುಡ್ ಹರಿದಿದೆ, ಹೊಗೆ ನೀಲಿಯಾಗಿದೆ. ಅಂದರೆ ಎಂಜಿನ್ ಆಯಿಲನ್ನು ಕುಡಿಯುತ್ತಿದೆ. ಚಾಸಿ ಮಾತ್ರ ಗಟ್ಟಿಯಾಗಿದೆ. ಮೊದಲನೆಯದು ನಾಳೆಯೇ ಕೆಲಸಕ್ಕೆ ಇಳಿಯಬಲ್ಲದು. ಎರಡನೆಯದಕ್ಕೆ ಎಂಜಿನ್ ಕೆಲಸವಾಗಬೇಕು, ಅದಕ್ಕೆ ಹಣವೂ ವಾರಗಳೂ ಬೇಕು. ಯಾವುದನ್ನು ಕೊಳ್ಳಬೇಕು?

ಅನುಭವಿ ಮೆಕ್ಯಾನಿಕ್ ಬಣ್ಣಕ್ಕೆ ಮರುಳಾಗುವುದಿಲ್ಲ. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸುತ್ತಾನೆ. ಬಿಸಿಯಾದ ಎಂಜಿನ್ ತನ್ನ ದೋಷವನ್ನು ಮುಚ್ಚಿಡಬಲ್ಲದೆಂದು ಅವನಿಗೆ ಗೊತ್ತು. ಸ್ಟಿಯರಿಂಗಿನ ಸಡಿಲ, ಪ್ಲೇಟುಗಳ ಬಿರುಕು, ಫೋರ್‌ವ್ಹೀಲ್ ಗೇರ್ ಬೀಳುವ ಬಗೆ, ಇವನ್ನೆಲ್ಲ ಪರೀಕ್ಷಿಸುತ್ತಾನೆ. ಬಳಿಕ ಚಾಸಿಯನ್ನು ತಟ್ಟಿ ನೋಡುತ್ತಾನೆ. ನಮ್ಮ ಮುಂಗಾರಿನ ಕೆಸರು ಚಾಸಿಯ ಒಳಗೆ ನಿಂತು, ಹೊರಗಣ್ಣಿಗೆ ಕಾಣದಂತೆ ಕಬ್ಬಿಣವನ್ನು ತಿನ್ನುತ್ತದೆ. ಪಿಸ್ಟನ್, ರಿಂಗು, ಕ್ಲಚ್, ಹುಡ್ ಇವೆಲ್ಲ ಬದಲಾಯಿಸಬಹುದಾದವು. ಬೆನ್ನೆಲುಬೇ ಕೊಳೆತಿದ್ದರೆ ಏನನ್ನು ಬದಲಾಯಿಸುವುದು? ಎರಡರ ಕುಂದುಗಳನ್ನು ಎಣಿಸಿದರೆ ಸಾಲದು, ತೂಗಬೇಕು. ರಿಪೇರಿಯಾಗುವ ಹತ್ತು ಕುಂದುಗಳಿಗಿಂತ ರಿಪೇರಿಯಾಗದ ಒಂದು ಕುಂದು ಭಾರವಾದುದು.

ಇಲ್ಲಿಗೆ ಲೆಕ್ಕಾಚಾರ ಮುಗಿದು ನೀತಿಯ ಪ್ರಶ್ನೆ ಆರಂಭವಾಗುತ್ತದೆ. ಈ ಆಯ್ಕೆಯ ಅಪಾಯವನ್ನು ಹೊರುವವರು ಯಾರು? ಬೆಲೆ ಚೌಕಾಸಿ ಮಾಡುವಾಗ ಮನೆಯ ಯಜಮಾನನಷ್ಟೇ ಅಲ್ಲಿರುತ್ತಾನೆ. ಜೀಪಿನ ಹಿಂಬದಿಯಲ್ಲಿ ಕುಳಿತು ಇಳಿಜಾರಿನಲ್ಲಿ ಸಾಗುವ ಕೂಲಿಯ ಹೆಂಗಸರನ್ನು ಯಾರೂ ಕೇಳುವುದಿಲ್ಲ. 'ಈ ಒಂದು ಕೊಯ್ಲು ಕಳೆಯಲಿ, ಆಮೇಲೆ ನೋಡೋಣ' ಎಂದು ನಾವು ಉಳಿಸುವ ವಾರಗಳ ಬೆಲೆಯನ್ನು ಬೇರೆಯವರ ದೇಹ ತೆರಬೇಕಾಗಬಹುದು. ಸಂತ ಇಗ್ನೇಷಿಯಸ್ ಲೊಯೋಲರು ತಮ್ಮ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಕೃತಿಯಲ್ಲಿ ಆಯ್ಕೆಗೆ ಒಂದು ಸೊಗಸಾದ ಉಪಾಯವನ್ನು ಸೂಚಿಸುತ್ತಾರೆ: ಎಂದೂ ಕಂಡರಿಯದ ಒಬ್ಬ ವ್ಯಕ್ತಿ ಇದೇ ಇಕ್ಕಟ್ಟಿನಲ್ಲಿದ್ದರೆ ಅವನಿಗೆ ಯಾವ ಸಲಹೆ ನೀಡುವೆವೋ ಅದನ್ನೇ ನಾವೂ ಪಾಲಿಸಬೇಕು. ಅಪರಿಚಿತನಿಗೆ ನಾವು ಬೆಸುಗೆಯ ಜೀಪನ್ನು ಕೊಳ್ಳೆಂದು ಹೇಳುವೆವೇ? ನಮ್ಮ ಅವಸರ ಅವನದಲ್ಲವಾದ್ದರಿಂದ ಸತ್ಯ ನಮಗೆ ಸಲೀಸಾಗಿ ಕಾಣುತ್ತದೆ. ಆದ್ದರಿಂದ ಈ ಕೊಯ್ಲಿಗೆ ಬಾಡಿಗೆ ಜೀಪು ಹಿಡಿದಾದರೂ ಗಟ್ಟಿ ಚಾಸಿಯದನ್ನೇ ಕೊಳ್ಳುವುದು ವಿವೇಕ. ಅದರಿಂದ ನಷ್ಟವಿಲ್ಲವೆಂದಲ್ಲ, ಆ ನಷ್ಟವನ್ನು ಆರಿಸಿದವರೇ ಹೊರುತ್ತಾರೆ.

ಮಾರುವವನ ಹೊಣೆಯೂ ಚಿಕ್ಕದಲ್ಲ. ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಇದೇ ಪ್ರಶ್ನೆಯನ್ನು ಕುದುರೆಯ ಉದಾಹರಣೆಯಿಂದ ಚರ್ಚಿಸಿದ್ದಾರೆ. ಕುದುರೆಗೆ ಒಂದೇ ಕಣ್ಣಿದ್ದರೆ ಅದು ಎಲ್ಲರಿಗೂ ಕಾಣುವ ಕುಂದು. ಬೆಲೆಯನ್ನು ತಕ್ಕಷ್ಟು ಇಳಿಸಿದ್ದರೆ ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆದರೆ ಕೊಳ್ಳುವವನಿಗೆ ಹಾನಿಯನ್ನೋ ಅಪಾಯವನ್ನೋ ತರುವ ಗುಪ್ತದೋಷವನ್ನು ಮುಚ್ಚಿಟ್ಟು ಮಾರುವುದು ಅನ್ಯಾಯ. ಹರಿದ ಹುಡ್ ಒಕ್ಕಣ್ಣಿನ ಕುದುರೆಯಂತೆ. ಬಣ್ಣ ಬಳಿದು ಮರೆಮಾಡಿದ ಬೆಸುಗೆ ಹಾಗಲ್ಲ. 'ಅವರು ಕೇಳಲಿಲ್ಲ, ನಾನು ಹೇಳಲಿಲ್ಲ' ಎಂಬ ಸಮಾಧಾನ ಅಂತಃಸಾಕ್ಷಿಯ ಮುಂದೆ ನಿಲ್ಲದು. ಅಂತೆಯೇ, ಬೆಲೆ ಇಳಿಸಲೆಂದು ಇಲ್ಲದ ದೋಷಗಳನ್ನು ಹೊರಿಸಿ ಹೀಗಳೆಯುವ ಕೊಳ್ಳುವವನೂ ಸುಳ್ಳಾಡಿದಂತೆಯೇ.

ಕಾಗದಪತ್ರದ ವಿಷಯವೂ ನೀತಿಯ ವಿಷಯವೇ. ಖಾಸಗಿ ವಾಹನದ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ. ಬಳಿಕ ತಪಾಸಣೆ ಮಾಡಿಸಿ ನವೀಕರಿಸಬೇಕು. ಚಾಸಿ ಮತ್ತು ಎಂಜಿನ್‌ಗಳ ಸಂಖ್ಯೆ ಆರ್.ಸಿ.ಯೊಂದಿಗೆ ತಾಳೆಯಾಗಬೇಕು. 'ಹೆಸರು ಆಮೇಲೆ ಬದಲಾಯಿಸೋಣ' ಎಂಬ ಮಾತು ಪರಿಚಿತರ ನಡುವೆ ಸಾಮಾನ್ಯ. ಆದರೆ ಅಪಘಾತದ ಪರಿಹಾರದ ಮಟ್ಟಿಗೆ ನೋಂದಣಿಯಲ್ಲಿ ಹೆಸರಿರುವವನೇ ಮಾಲೀಕನೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸ್ಪಷ್ಟಪಡಿಸಿದೆ. ಮಾರಿ ವರ್ಷಗಳಾದ ಮೇಲೂ ಬೇರೊಬ್ಬರ ಅಪಘಾತದ ಹೊಣೆ ಹಳೆಯ ಮಾಲೀಕನ ಮನೆಬಾಗಿಲಿಗೆ ಬರಬಹುದು. ಸ್ನೇಹವಿರುವಲ್ಲಿಯೇ ಕಾಗದ ಶುದ್ಧವಾಗಿರಲಿ.

ಕೊನೆಯದಾಗಿ, ಆರಿಸಿದ ಮೇಲೂ ತೂಗುತ್ತಲೇ ಇರುವ ಚಾಳಿಯೊಂದುಂಟು. ಜೀಪು ಮನೆಗೆ ಬಂದ ಮೊದಲ ವಾರ ಕ್ಲಚ್ ಕೈಕೊಟ್ಟರೆ ಸಾಕು, 'ಅದನ್ನೇ ತಂದಿದ್ದರೆ' ಎಂಬ ಮಾತು ಮನೆಯಲ್ಲಿ ಎದ್ದೇಳುತ್ತದೆ. ಕೊಳ್ಳದೆ ಬಿಟ್ಟ ಜೀಪು ಎಂದೂ ಕೆಡುವುದಿಲ್ಲ, ಏಕೆಂದರೆ ಅದು ನಮ್ಮ ಕಲ್ಪನೆಯಲ್ಲಷ್ಟೇ ಓಡುತ್ತಿರುತ್ತದೆ. ಅದರೊಂದಿಗೆ ಹೋಲಿಸುತ್ತ ಕುಳಿತರೆ ಕೈಯಲ್ಲಿರುವುದಕ್ಕೆ ಸಲ್ಲಬೇಕಾದ ಆರೈಕೆ ಸಲ್ಲದು. ತಿಳಿದಷ್ಟನ್ನು ತಿಳಿದು, ಕೇಳಬೇಕಾದವರನ್ನು ಕೇಳಿ, ಯಾರಿಗೂ ಮೋಸವಾಗದಂತೆ ಆರಿಸಿದ ಮೇಲೆ, ಫಲ ನಾವೆಣಿಸಿದಂತೆ ಬರದಿದ್ದರೂ ಆಯ್ಕೆ ಸುಳ್ಳಾಗುವುದಿಲ್ಲ. ಮುಂದಿನ ಬಾರಿ ಜೀಪನ್ನೋ ಹಸುವನ್ನೋ ಹೊಲಿಗೆ ಯಂತ್ರವನ್ನೋ ಕೊಳ್ಳಲು ಹೊರಟಾಗ, ಮನೆಯವರೆಲ್ಲ ಒಟ್ಟಿಗೆ ಕುಳಿತು ಮೊದಲು ಈ ಪ್ರಶ್ನೆಯನ್ನು ಕೇಳಿಕೊಳ್ಳಿ: ಇದು ಕೈಕೊಟ್ಟರೆ ನೋಯುವವರು ಯಾರು?