ಕಡಲು ಕೊಂಡ ಸಮಾಧಿಗಳು

ಇಂಗ್ಲೆಂಡಿನ ಪೂರ್ವ ಕರಾವಳಿಯ ಡನಿಚ್ ಮಧ್ಯಯುಗದಲ್ಲಿ ಹಲವು ಚರ್ಚುಗಳೂ ಕ್ರೈಸ್ತ ಮಠಗಳೂ ಇದ್ದ ಸಿರಿವಂತ ಬಂದರು. 1286ರ ಬಿರುಗಾಳಿ ಅದರ ದಂಡೆಯನ್ನು ಕೊರೆಯಿತು. 1328ರಲ್ಲಿ ಮರಳು, ಬೆಣಚುಕಲ್ಲುಗಳು ಬಂದರಿನ ಬಾಯಿ ಮುಚ್ಚಿದವು. ವ್ಯಾಪಾರ ಹೋಯಿತು, ಜನ ಚದುರಿದರು. ಪಾರ್ಲಿಮೆಂಟಿಗೆ ಇಬ್ಬರನ್ನು ಕಳಿಸುವ ಹಕ್ಕು ಮಾತ್ರ 1832ರವರೆಗೂ ಉಳಿದಿತ್ತು.

ಮನೆಗಳು ಕಡಲುಪಾಲಾದದ್ದಕ್ಕಿಂತ ಆಳವಾದ ಪ್ರಶ್ನೆ ಎತ್ತಿದ್ದು ಸಮಾಧಿಗಳು. ಕೊನೆಯ ಹಳೆಯ ಚರ್ಚಾದ ಆಲ್ ಸೇಂಟ್ಸ್ 1904ರಿಂದ ತುಂಡುತುಂಡಾಗಿ ಸಮುದ್ರಕ್ಕೆ ಉರುಳಿತು. 1919ರಲ್ಲಿ ಗೋಪುರವೂ ಬಿತ್ತು. ಅದರ ಸ್ಮಶಾನದ ಎಲುಬುಗಳು ದಂಡೆಯ ಕಡಿದಾದ ಗೋಡೆಯಿಂದ ಹೊರಚಾಚಿದವು. ದೇಹ ಮತ್ತೆ ಏಳುವುದೆಂದು ನಂಬಿ, ಪವಿತ್ರ ನೆಲವೆಂದು ಅಲ್ಲಿ ಮಣ್ಣಾದವರ ಗತಿ ಏನು?

ಇದಕ್ಕೆ ಕ್ರೈಸ್ತ ಚಿಂತಕ ಅಗಸ್ಟೀನ್ ಐದನೆಯ ಶತಮಾನದಲ್ಲೇ, ತನ್ನ ‘ದೇವನಗರಿ’ ಕೃತಿಯ ಮೊದಲ ಸಂಪುಟದಲ್ಲಿ ಉತ್ತರಿಸಿದ್ದ. ರೋಮಿನ ಮೇಲಾದ ದಾಳಿಯಲ್ಲಿ ಹೂಳುವವರಿಲ್ಲದೆ ಬಿದ್ದ ಶವಗಳು ಅವನ ಮುಂದಿದ್ದವು. ಸಮಾಧಿ ಸತ್ತವರಿಗೆ ನೆರವಲ್ಲ, ಬದುಕಿರುವವರಿಗೆ ಸಾಂತ್ವನ. ಸೃಷ್ಟಿಸಿದವನಿಗೆ ಚದುರಿದ್ದನ್ನು ಕೂಡಿಸುವುದು ಅಸಾಧ್ಯವಲ್ಲ ಎಂಬುದು ಅವನ ವಾದ. ಹಾಗೆಂದು ದೇಹವನ್ನು ಕಡೆಗಣಿಸಬಾರದೆಂದೂ ಅವನು ಸೇರಿಸಿದ. ಈ ಎರಡನೆಯ ಮಾತೇ ಹೆಚ್ಚು ತೂಕದ್ದು: ಮೊದಲನೆಯದು ನಂಬುವವರಿಗಷ್ಟೇ ಸಮಾಧಾನ, ಇದು ಎಲ್ಲರ ಮೇಲಿನ ಹೊಣೆ. ಆ ಹೊಣೆಯ ಕುರುಹಿನಂತೆ, ಆಲ್ ಸೇಂಟ್ಸ್ ಗೋಪುರದ ಒಂದು ಆಸರೆಗೋಡೆಯನ್ನು ಊರಿನವರು ಉಳಿಸಿಕೊಂಡು, ಈಗಿನ ಸೇಂಟ್ ಜೇಮ್ಸ್ ಚರ್ಚಿನ ಅಂಗಳದಲ್ಲಿ ನಿಲ್ಲಿಸಿದ್ದಾರೆ.